ಗಾದೆಯೇ ಕಾನೂನಾಗಿದ್ದ ನಾಡು

ಜಿಂಬಾಬ್ವೆಯ ಶೋನಾ ಹಳ್ಳಿಗಳಲ್ಲಿ ಗುಂಡನೆಯ ಮಣ್ಣಿನ ಮನೆ ಕಟ್ಟುವಾಗ ಮಾಡನ್ನು ನೆಲದ ಮೇಲೆಯೇ ಹೆಣೆಯುತ್ತಿದ್ದರು. ಉದ್ದನೆಯ ಗಳಗಳನ್ನು ತುದಿಯಲ್ಲಿ ಕೂಡಿಸಿ, ಅಡ್ಡಕ್ಕೆ ಬಳುಕುವ ಕೋಲುಗಳನ್ನಿಟ್ಟು, ಮರದ ತೊಗಟೆಯ ನಾರಿನಿಂದ ಬಿಗಿದರೆ ದೊಡ್ಡದೊಂದು ಗೊರಬೆಯಂಥ ಚೌಕಟ್ಟು ಸಿದ್ಧವಾಗುತ್ತಿತ್ತು. ಅದಾದ ಮೇಲೆ ಊರವರಿಗೆ ಕರೆ. ಎಲ್ಲರೂ ಸುತ್ತ ನಿಂತು, ಒಮ್ಮೆಲೇ ಎತ್ತಿ, ಗೋಡೆಯ ತಲೆಯ ಮೇಲೆ ಕೂರಿಸಬೇಕು. ಒಂದು ಮಗ್ಗುಲಿನವರು ಕೈ ಸಡಿಲಿಸಿದರೂ ಮಾಡು ವಾಲಿಬಿಡುತ್ತದೆ. ಹುಲ್ಲು ಹೊದಿಸುವುದು ಆಮೇಲಿನ ಕೆಲಸ. "ಮನೆಯ ಮಾಡು ಏರಬೇಕಾದರೆ ಕೈಗೆ ಕೈ ಕೂಡಬೇಕು" ಎಂಬ ಗಾದೆ ಶೋನಾ ಜನರಲ್ಲಿ ಹುಟ್ಟಿದ್ದು ಈ ಕೆಲಸದಿಂದ. ಈಗ ಎಷ್ಟೋ ಮನೆಗಳಿಗೆ ತಗಡಿನ ಹೊದಿಕೆ ಬಂದಿದೆ, ಗಾದೆ ಮಾತ್ರ ಸಭೆ, ಮದುವೆ, ಚುನಾವಣೆಯ ಭಾಷಣಗಳಲ್ಲಿ ಓಡಾಡಿಕೊಂಡಿದೆ.

ಶೋನಾ ಎಂಬುದು ಒಂದೇ ಕುಲದ ಹೆಸರಲ್ಲ. ಜೆಜುರು, ಕರಾಂಗ, ಮನ್ಯೀಕ, ಕೊರೆಕೊರೆ ಮುಂತಾದ ಒಳನುಡಿಗಳನ್ನಾಡುವ ಹಲವು ಜನರಿಗೆ ಒಟ್ಟಾಗಿ ಬಂದ ಹೆಸರು ಅದು. ಜಿಂಬಾಬ್ವೆಯ ಬಹುಸಂಖ್ಯಾತರು ಇವರೇ. 11ರಿಂದ 15ನೇ ಶತಮಾನದವರೆಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ 'ಮಹಾ ಜಿಂಬಾಬ್ವೆ' ಎಂಬ ನಗರವನ್ನು ಕಟ್ಟಿದವರು ಇವರ ಪೂರ್ವಿಕರು. ಆ ನಗರ ಹಿಂದೂ ಮಹಾಸಾಗರದ ವ್ಯಾಪಾರಿಗಳಿಗೆ ಚಿನ್ನ, ದಂತ ಕೊಟ್ಟು ಬಟ್ಟೆಯನ್ನೂ ಗಾಜಿನ ಮಣಿಗಳನ್ನೂ ಕೊಳ್ಳುತ್ತಿತ್ತು. ಅಲ್ಲಿ ಸಿಕ್ಕ ಮಣಿಗಳಲ್ಲಿ ಭಾರತದಿಂದ ಹೋದವೂ ಇವೆ. ಇಷ್ಟು ದೊಡ್ಡ ವ್ಯವಹಾರ ನಡೆಸಿದ ಈ ಜನರಿಗೆ ಲಿಪಿ ಇರಲಿಲ್ಲ. ಆಸ್ತಿ, ಮದುವೆ, ಕೊಲೆಯ ದಂಡ, ಪಟ್ಟದ ಹಕ್ಕು ಎಲ್ಲವುಗಳ ಕಟ್ಟಳೆ ನಾಲಿಗೆಯ ಮೇಲೇ ಉಳಿಯಬೇಕಿತ್ತು. ಉಳಿಸಿದ್ದು 'ತ್ಸುಮೊ', ಅಂದರೆ ಗಾದೆ.

ಗಾದೆಯನ್ನು ಮಾತಿನ ಒಗ್ಗರಣೆ ಎಂದು ತಿಳಿದವರಿಗೆ ಶೋನಾ ಗಾದೆಗಳ ತೂಕ ಗೊತ್ತಾಗುವುದು 'ದಾರೆ'ಯಲ್ಲಿ. ದಾರೆ ಎಂದರೆ ಗಂಡಸರು ಸಂಜೆ ಬೆಂಕಿಯ ಸುತ್ತ ಸೇರುವ ಜಾಗ. ಉಣ್ಣುವುದು, ಹುಡುಗರಿಗೆ ಬುದ್ಧಿ ಹೇಳುವುದು, ಊರ ವ್ಯಾಜ್ಯ ತೀರಿಸುವುದು ಎಲ್ಲಕ್ಕೂ ಅದೇ ಕಟ್ಟೆ. ಮಾತು ಶುರುವಾಗುವ ಮೊದಲು ಚಪ್ಪಾಳೆ. ಗಂಡಸರು ಎರಡೂ ಅಂಗೈಗಳನ್ನು ಬೆರಳಿಗೆ ಬೆರಳು ಹೊಂದಿಸಿ ಮೆಲ್ಲಗೆ ತಟ್ಟುತ್ತಾರೆ. ಹೆಂಗಸರು ತಟ್ಟುವುದು ಅಂಗೈ ಬೊಗಸೆ ಮಾಡಿ, ಅಡ್ಡಡ್ಡವಾಗಿ. ಹಿರಿಯರಿಗೆ, ಅತಿಥಿಗೆ, ಸತ್ತ ಪೂರ್ವಿಕರಿಗೆ ಮರ್ಯಾದೆ ಸಲ್ಲುವುದು ಹೀಗೆ. ಆಮೇಲೆ ದೂರು, ಪ್ರತಿದೂರು. ಗಾದೆ ಹಾಕುವವನು "ಹಿರಿಯರು ಹೇಳಿದ್ದಾರೆ" ಎಂದೇ ಶುರುಮಾಡುತ್ತಾನೆ. ಹಾಗೆಂದಕೂಡಲೇ ಆ ಮಾತು ಅವನೊಬ್ಬನ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಅದನ್ನು ಒಪ್ಪದಿದ್ದರೆ ಎದುರಾಳಿ ಪೂರ್ವಿಕರಿಗೇ ಉತ್ತರ ಕೊಡಬೇಕಾಗುತ್ತದೆ. ಎಷ್ಟೋ ಸಲ ಗಾದೆಯ ಅರ್ಧವನ್ನಷ್ಟೇ ಹೇಳಿ ಬಿಡುವುದುಂಟು. "ತನ್ನ ಬುದ್ಧಿಯೇ ಸಾಕೆಂದವನು..." ಎಂದರೆ ಸಾಕು, "...ಹೆಂಡದ ಗಷ್ಟಿನಲ್ಲಿ ಕಂಬಳಿ ಬಿಟ್ಟು ಬಂದ" ಎಂಬುದನ್ನು ಕೂತವರು ಮನಸ್ಸಿನಲ್ಲೇ ಪೂರ್ತಿಮಾಡಿಕೊಳ್ಳುತ್ತಾರೆ. ಯಾರ ಸಲಹೆಯನ್ನೂ ಕೇಳದೆ ಮುನ್ನುಗ್ಗಿದ ತಪ್ಪಿತಸ್ಥ ಬೈಸಿಕೊಳ್ಳದೆಯೇ ಸಭೆಯ ತೀರ್ಪನ್ನು ತಿಳಿದುಕೊಳ್ಳುತ್ತಾನೆ.

ಒಂದೇ ಗಾದೆ ತೀರ್ಪಾಗಿಬಿಡುತ್ತಿತ್ತು ಎಂದೇನಲ್ಲ. "ಓಡಿದವನೆಲ್ಲ ಮುಟ್ಟಿದವನಲ್ಲ" ಎಂದು ಒಬ್ಬ ತಾಳ್ಮೆಯ ಪರ ನಿಂತರೆ, "ಸಾವಧಾನ ಚಿರತೆಗಿರಲಿ, ಕತ್ತೆಕಿರುಬ ನಡೆಯುತ್ತಲೇ ತಿನ್ನುತ್ತದೆ" ಎಂದು ಇನ್ನೊಬ್ಬ ಅವಸರದ ಪರ ಎದ್ದು ನಿಲ್ಲಬಹುದಿತ್ತು. ಎರಡೂ ಹಿರಿಯರದೇ ಮಾತು. ಈ ವ್ಯಾಜ್ಯಕ್ಕೆ ಯಾವುದು ಸಲ್ಲುತ್ತದೆ ಎಂದು ತೂಗುವುದೇ ದಾರೆಯ ಕೆಲಸ. ವಕೀಲರು ಹಳೆಯ ತೀರ್ಪುಗಳನ್ನು ಎದುರುಬದುರು ಇಟ್ಟು ವಾದಿಸುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ. ಗಾದೆಗಳು ಒಂದಕ್ಕೊಂದು ವಿರುದ್ಧ, ಆದ್ದರಿಂದ ಅವಕ್ಕೆ ಬೆಲೆಯಿಲ್ಲ ಎಂದು ಮೂಗುಮುರಿಯುವವರು ಈ ಬಳಕೆಯನ್ನು ನೋಡಿಲ್ಲ.

ಈ ಗಾದೆಗಳಲ್ಲಿ ಅತ್ಯಂತ ಗಡುಸಾದದ್ದು ಎರಡೇ ಪದದ್ದು: "ಮ್ಹೊಸ್ವ ಹಯಿಯೊರಿ." ಅಪರಾಧ ಕೊಳೆಯುವುದಿಲ್ಲ. ಹೆಣ ಕೊಳೆತು ಮಣ್ಣಾದರೂ ಕೊಂದ ಪಾಪ ಹಾಗೇ ಉಳಿಯುತ್ತದೆ, ಕಾಲ ಕಳೆಯಿತೆಂದು ಅದು ವಜಾ ಆಗದು. ಇದರ ಬೆನ್ನಿಗೆ ಒಂದು ನಂಬಿಕೆಯೂ ಒಂದು ಪದ್ಧತಿಯೂ ಇವೆ. ಅನ್ಯಾಯವಾಗಿ ಸತ್ತವನ ಆತ್ಮ 'ಎನ್ಗೋಜಿ'ಯಾಗಿ ಕೊಂದವನ ಇಡೀ ಕುಟುಂಬವನ್ನು ತಲೆಮಾರುಗಳವರೆಗೆ ಕಾಡುತ್ತದೆ ಎಂದು ಶೋನಾ ಜನ ನಂಬುತ್ತಾರೆ. ಅದಕ್ಕೆ ಮದ್ದು ಯಾವುದು? ಗಾದೆಯೇ ಹೇಳುತ್ತದೆ: "ಎನ್ಗೋಜಿಗೆ ಮದ್ದು ತೀರಿಸುವುದೇ." ತೀರಿಸಬೇಕಾದದ್ದು ದನಕರುಗಳಲ್ಲಿ. ಹಿಂದಿನ ಕಾಲದಲ್ಲಿ ಕೊಂದವನ ಮನೆಯ ಹೆಣ್ಣುಮಗಳನ್ನೇ ಸತ್ತವನ ಮನೆಗೆ ಕೊಡುವುದೂ ಇತ್ತು. ತಾನು ಮಾಡದ ತಪ್ಪಿಗೆ ಒಬ್ಬ ಹುಡುಗಿ ದಂಡವಾಗಿ ಹೋಗುತ್ತಿದ್ದಳು ಎಂಬ ಕ್ರೌರ್ಯವನ್ನು ಈ ಗಾದೆಯ ಸೊಗಸಿನಲ್ಲಿ ಮರೆಯಬಾರದು.

ಇದೆಲ್ಲ ಹಳೆಯ ಕಾಲದ ಕಥೆ ಎಂದು ತಳ್ಳಿಹಾಕುವಂತಿಲ್ಲ. 2009ರಲ್ಲಿ ದೇಶದ ನಡುಭಾಗದ ಗೋಕ್ವೆ ಎಂಬಲ್ಲಿ ಒಬ್ಬ ಯುವಕನ ಕೊಲೆಯಾಯಿತು. ಆರೋಪಿಗಳಲ್ಲಿ ಪ್ರಭಾವಿ ರಾಜಕಾರಣಿಯೊಬ್ಬರ ಮಗನೂ ಇದ್ದ. ನ್ಯಾಯಾಲಯ ಶಿಕ್ಷೆ ಕೊಟ್ಟರೂ ಸತ್ತವನ ಮನೆಯವರು ಶವವನ್ನು ಮಣ್ಣು ಮಾಡಲು ಒಪ್ಪಲಿಲ್ಲ. ಕೊಂದವರ ಕಡೆಯವರು ಬಂದು ತಪ್ಪೊಪ್ಪಿಕೊಂಡು ದಂಡ ತೆರಬೇಕು ಎಂದು ಪಟ್ಟು ಹಿಡಿದರು. ದೇಹ ಶವಾಗಾರದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ದನಗಳೂ ಹಣವೂ ಕೈಬದಲಾದ ಮೇಲೆ 2011ರ ಅಕ್ಟೋಬರ್‌ನಲ್ಲಿ ಅಂತ್ಯಸಂಸ್ಕಾರ ನಡೆಯಿತು. ಸರ್ಕಾರದ ಕಾನೂನು ಅಪರಾಧಿಯನ್ನು ಸೆರೆಮನೆಗೆ ಕಳಿಸಿ ತನ್ನ ಕೆಲಸ ಮುಗಿಯಿತೆಂದುಕೊಂಡಿತು. ಸತ್ತವನ ಮನೆಗೆ ಸಲ್ಲಬೇಕಾದದ್ದೇನು ಎಂಬ ಪ್ರಶ್ನೆಯನ್ನು ಅದು ಕೇಳಿಯೇ ಇರಲಿಲ್ಲ, ಗಾದೆ ಕೇಳಿತ್ತು.

ಊಟದ ಸುತ್ತ ಹುಟ್ಟಿದ ಗಾದೆಗಳಿಗೆ ಲೆಕ್ಕವಿಲ್ಲ, ಅದರಲ್ಲೂ ಕನ್ನಡಿಗರಿಗೆ ಅವು ಹತ್ತಿರ. ಶೋನಾ ಜನರ ದಿನನಿತ್ಯದ ಊಟ 'ಸಾದ್ಜಾ'. ಇವತ್ತು ಅದನ್ನು ಬಿಳಿ ಮೆಕ್ಕೆಜೋಳದ ಹಿಟ್ಟಿನಲ್ಲಿ ತಿರುವುತ್ತಾರೆ. ಮೆಕ್ಕೆಜೋಳ ಬಂದು ಹೊಲ ಹಿಡಿಯುವ ಮೊದಲು ಅದು ರಾಗಿ, ಜೋಳ, ಸಜ್ಜೆಗಳದ್ದಾಗಿತ್ತು. ನಮ್ಮ ರಾಗಿಯ ತವರು ಆಫ್ರಿಕದ ಪೂರ್ವದ ಎತ್ತರದ ನಾಡು. ಸಾವಿರಾರು ವರ್ಷಗಳ ಹಿಂದೆ ಅದು ಅಲ್ಲಿಂದ ಇಲ್ಲಿಗೆ ಬಂತು. ಕೋಲಿನಿಂದ ತಿರುವಿ ಗಟ್ಟಿ ಮಾಡಿ, ಕೈಯಲ್ಲಿ ಮುರಿದು, ಸೊಪ್ಪಿನ ಪಲ್ಯಕ್ಕೋ ಬಾಡಿನ ಸಾರಿಗೋ ಅದ್ದಿ ಉಣ್ಣುವ ರಾಗಿ ಸಾದ್ಜಾವನ್ನು ಮಂಡ್ಯದವರ ಮುಂದಿಟ್ಟರೆ ಹೆಸರು ಕೇಳದೆ ಕೈ ಹಾಕುತ್ತಾರೆ. "ಬೇರೆಯವರ ಕಷ್ಟಕ್ಕೆಂದು ಸಾದ್ಜಾ ಬಿಡುವವರಿಲ್ಲ" ಎಂಬುದೊಂದು ಗಾದೆ. ಕಹಿಯಾದರೂ ನಿಜ. ಅದರ ಪಕ್ಕದಲ್ಲೇ ಇನ್ನೊಂದು: "ಹೋಗುವ ಬಟ್ಟಲು ಬಟ್ಟಲು ಬಂದ ಮನೆಗೇ ಹೋಗುತ್ತದೆ." ಪಕ್ಕದ ಮನೆಯಿಂದ ಬಂದ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸಲು ನಾಚುವ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. "ನೆಂಟ ಕಣಜ ಬರಿದು ಮಾಡುವುದಿಲ್ಲ" ಎಂಬುದು ಮೂರನೆಯದು. ದಿನಗಟ್ಟಲೆ ಕಾಲ್ನಡಿಗೆಯ ಪ್ರಯಾಣ ಇದ್ದ ಕಾಲದಲ್ಲಿ ದಾರಿಹೋಕನಿಗೆ ಅನ್ನ ಹಾಕುವುದು ಧರ್ಮವಾಗಿತ್ತು. ಇಂದು ಬೇರೆಯವನ ಬಾಗಿಲಲ್ಲಿ ನಿಂತವನ ಸ್ಥಿತಿ ನಾಳೆ ತನಗೂ ಬರಬಹುದೆಂಬ ಅರಿವೂ ಅದರಲ್ಲಿತ್ತು.

ಕಳೆ ಕೀಳಲು, ಕೊಯ್ಲಿಗೆ, ಒಕ್ಕಣೆಗೆ ಊರವರನ್ನು ಕರೆದು ಮಾಡುವ ಮುಯ್ಯಾಳಿನ ಕೆಲಸಕ್ಕೆ 'ನ್ಹಿಂಬೆ' ಎನ್ನುತ್ತಾರೆ. ಕೂಲಿ ಇಲ್ಲ, ಕರೆದವರು ರಾಗಿ ಮೊಳಕೆಯ ಹೆಂಡ ಕಾಸಿ ಕೊಡಬೇಕು. "ಒಂದೇ ಹೆಬ್ಬೆರಳು ಹೇನು ಕುಕ್ಕದು," "ಒಬ್ಬನೇ ಗಂಡಸು, ಅವನೆಷ್ಟೇ ಆಜಾನುಬಾಹುವಾಗಲಿ, ಹುತ್ತವನ್ನು ಸುತ್ತುವರಿಯಲಾರ" ಎಂಬ ಮಾತುಗಳು ಅಲ್ಲಿಯವು. ಎರಡನೆಯದರ ಹಿಂದೆ ಬೇಟೆಯಿದೆ. ಜಿಂಬಾಬ್ವೆಯ ಕಾಡುಗಳಲ್ಲಿ ಗೆದ್ದಲ ಹುತ್ತಗಳು ಪೊದೆ, ಮರ ಬೆಳೆದ ಗುಡ್ಡಗಳಷ್ಟು ದೊಡ್ಡವಿರುತ್ತವೆ. ಅದರಲ್ಲಿ ಪ್ರಾಣಿ ಹೊಕ್ಕರೆ ಒಬ್ಬ ಒಂದು ಕಡೆ ನಿಂತಾಗ ಅದು ಇನ್ನೊಂದು ಕಡೆಯಿಂದ ಹಾರಿಹೋಗುತ್ತದೆ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಶೋನಾ ಜನರನ್ನು ಕಾಪಾಡಿದ ಮರಗಳಲ್ಲಿ ಮುಖ್ಯವಾದದ್ದು ಮುಹಾಚ. ಅದರ ಹಣ್ಣು 'ಚಕಾತ'. ಈ ಮರವನ್ನು ಕಡಿಯುವುದು ನಿಷಿದ್ಧ, ಮಳೆಗಾಗಿ ಪೂರ್ವಿಕರನ್ನು ಬೇಡುವ ಆಚರಣೆ ಇದರ ಬುಡದಲ್ಲಿ ನಡೆಯುತ್ತದೆ. ಹೊಲ ಹಸನು ಮಾಡುವಾಗ ಉಳಿದ ಮರಗಳನ್ನೆಲ್ಲ ಕಡಿದವರೂ ಇದನ್ನು ನಡುಹೊಲದಲ್ಲಿ ಬಿಟ್ಟಿರುವುದನ್ನು ಇಂದಿಗೂ ಕಾಣಬಹುದು. "ಚಕಾತ ತಿಂದ ಮೇಲೆ ಹೂವಿಗೆ ಶರಣು ಎನ್ನೋಣ" ಎಂಬ ಗಾದೆ ಬರೀ ಭರವಸೆ ಕೊಡುವವರಿಗೆ ಮೀಸಲು. ಹೂವು ಕಂಡು ಹಿಗ್ಗಿದವರು ಎಷ್ಟು ಬರಗಾಲಗಳಲ್ಲಿ ಮೋಸಹೋಗಿರಬೇಕು ಎಂಬುದನ್ನು ಇದೊಂದೇ ಸಾಲು ತಿಳಿಸುತ್ತದೆ.

ಬರಗಾಲದ ಇನ್ನೊಂದು ಗಾದೆ ಓದಿದರೆ ಎದೆ ಹಿಂಡುತ್ತದೆ. "ಕಷ್ಟ ಕಷ್ಟವೇ ಸರಿ, ಆದರೂ ಹೆತ್ತತಾಯಿಯನ್ನು ಮದುವೆ ಮಾಡಿ ಕೊಡುವುದಿಲ್ಲ." ಬಡತನಕ್ಕೂ ಒಂದು ಮೇರೆ ಇರಬೇಕು, ಮಾನ ಮಾರಿಕೊಳ್ಳಬಾರದು ಎಂಬುದು ಇದರ ಅರ್ಥ. ತಾಯಿಯನ್ನು ಮದುವೆ ಮಾಡಿಕೊಡುವ ಮಾತೇ ಏಕೆ ಬಂತು? ಹಸಿವಿನ ವರ್ಷಗಳಲ್ಲಿ ಕಾಳಿಗಾಗಿ ಪುಟ್ಟ ಹೆಣ್ಣುಮಕ್ಕಳನ್ನು ಸಿರಿವಂತರಿಗೆ ಮುಂಗಡವಾಗಿ ಒಪ್ಪಿಸುವ 'ಕುಜ್ವರಿರ' ಎಂಬ ಪದ್ಧತಿ ಇತ್ತು. ಮಗಳನ್ನು ಕೊಟ್ಟದ್ದಾಯಿತು, ಇನ್ನು ತಾಯಿಯನ್ನಂತೂ ಕೊಡಲಾಗದು ಎಂಬ ಕಟ್ಟಕಡೆಯ ಗೆರೆಯನ್ನು ಗಾದೆ ಎಳೆಯುತ್ತದೆ. ಹೆಣ್ಣುಮಗಳ ಪಾಲಿಗೆ ಆ ಗೆರೆಯೂ ಇರಲಿಲ್ಲ. ಜಿಂಬಾಬ್ವೆ ಆಗ ಬ್ರಿಟಿಷರ ಕೈಯಲ್ಲಿದ್ದ ದಕ್ಷಿಣ ರೊಡೀಶಿಯ, ಅದರ ಸರ್ಕಾರ 1901ರ ಕಾಯ್ದೆಯಲ್ಲಿ ಈ ಪದ್ಧತಿಯನ್ನು ನಿಷೇಧಿಸಿತು. ಒಲ್ಲದ ಮದುವೆಯಿಂದ ತಪ್ಪಿಸಿಕೊಂಡು ಮಿಷನರಿಗಳ ಆಶ್ರಯಕ್ಕೆ ಓಡಿದ ಹುಡುಗಿಯರ ದಾಖಲೆಗಳು ಆ ಕಾಲದಿಂದ ಸಿಗುತ್ತವೆ.

ಪಟ್ಟದ ವಿಚಾರಕ್ಕೆ ಬಂದರೆ, ಶೋನಾ ಗಾದೆ ರಾಜ್ಯಶಾಸ್ತ್ರವನ್ನೇ ಹೇಳುತ್ತದೆ: "ಉಷೆ ಮದ್ಜೊರೊ ಹುನೊರವನ್ವ." ಒಡೆತನ ಸರದಿಯದು, ಕೈಯಿಂದ ಕೈಗೆ ಹೋಗುವಂಥದ್ದು. ಹೋಲಿಕೆ ಬಂದದ್ದು ದನಗಾಹಿಗಳಿಂದ. ಹಳ್ಳಿಯ ಹಲವು ಮನೆಗಳ ದನಗಳನ್ನು ಒಟ್ಟುಗೂಡಿಸಿ, ಇಂದು ನಿಮ್ಮ ಮನೆ, ನಾಳೆ ನಮ್ಮ ಮನೆ ಎಂದು ಸರದಿಯಲ್ಲಿ ಮೇಯಿಸುವ ಏರ್ಪಾಡು ಇದೆ. ಪಟ್ಟವೂ ಹಾಗೆಯೇ. ಅಪ್ಪನಿಂದ ನೇರ ಹಿರಿಯ ಮಗನಿಗೆ ಹೋಗದೆ, ಮೂಲಪುರುಷನ ಮಕ್ಕಳಿಂದ ಕವಲೊಡೆದ ಮನೆಗಳಲ್ಲಿ ಸುತ್ತುತ್ತಿತ್ತು. ಇದರಿಂದ ಜಗಳಗಳು ಹುಟ್ಟಲಿಲ್ಲವೆಂದಲ್ಲ, ಧಾರಾಳವಾಗಿ ಹುಟ್ಟಿದವು. ಆದರೆ ಇಂದಿನ ಒಡೆಯನ ಮಗ ನಾಳೆ ಸಾಮಾನ್ಯನಾಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು. "ಒಡೆಯನ ಮಗ ಬೇರೆ ಊರಲ್ಲಿ ಆಳು" ಎಂಬ ಗಾದೆಯೂ ಅದಕ್ಕೆ ಜೊತೆ. ಆಳುವವನಿಗೆ ಹೇಳಿದ ಇನ್ನೊಂದು ಬುದ್ಧಿಮಾತು ಹೀಗಿದೆ: "ದೊಡ್ಡ ಬಬೂನೇ, ಬಾಲ ಮಡಚಿಕೋ, ಆಗ ಚಿಕ್ಕವು ನಿನಗೆ ಹೆದರಿಯಾವು." ಮಂಗನಾಟ ಆಡುವ ಹಿರಿಯನಿಗೆ ಮರ್ಯಾದೆ ಸಿಗದು ಎಂದು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ.

1890ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷ್ ಸೌತ್ ಆಫ್ರಿಕ ಕಂಪನಿಯ ಪಡೆ ಇಂದಿನ ಹರಾರೆ ಇರುವಲ್ಲಿ ಬಾವುಟ ನೆಟ್ಟಿತು. ಅದರ ವಿರುದ್ಧ ಎದ್ದ 1896-97ರ ದಂಗೆ ಸೋತಿತು. ದಂಗೆಗೆ ಸ್ಫೂರ್ತಿಯಾಗಿದ್ದ ನೆಹಾಂಡ ಎಂಬ ಆತ್ಮ ಮೈದುಂಬುತ್ತಿದ್ದ ಹೆಂಗಸನ್ನು 1898ರಲ್ಲಿ ಗಲ್ಲಿಗೇರಿಸಿದರು. ಸರದಿಯಲ್ಲಿ ಪಟ್ಟ ಏರುತ್ತಿದ್ದ ಒಡೆಯರು ಸರ್ಕಾರದ ಸಂಬಳ ತಿನ್ನುವ ಅಧಿಕಾರಿಗಳಾದರು. 1930ರ ಭೂ ಹಂಚಿಕೆ ಕಾಯ್ದೆ ಒಳ್ಳೆಯ ನೆಲದ ಬಹುಭಾಗವನ್ನು ಬಿಳಿಯರಿಗೆ ಬರೆದುಕೊಟ್ಟಿತು. "ಮಡುವಾಗಿದ್ದವು ಈಗ ಹೊಳೆದಾಟುವ ಕಡವು" ಎಂಬ ಹಳೆಯ ಗಾದೆ ಇಂಥ ತಿರುವುಮುರುವಿಗೆ ಹೇಳಿ ಮಾಡಿಸಿದಂತಿದೆ.

ಇದೇ ಕಾಲದಲ್ಲಿ ಗಾದೆ ಕಾಗದಕ್ಕೆ ಇಳಿಯಿತು. ಭಾಷಾವಿಜ್ಞಾನಿ ಕ್ಲೆಮೆಂಟ್ ಡೋಕ್ 1931ರಲ್ಲಿ ಒಳನುಡಿಗಳನ್ನು ಒಂದೇ ಬರಹದ ಭಾಷೆಯಾಗಿ ಕೂಡಿಸುವ ವರದಿ ಕೊಟ್ಟರು. 1956ರಲ್ಲಿ ಸಾಲೊಮನ್ ಮುತ್ಸ್ವೈರೊ ಅವರ 'ಫೆಸೊ' ಶೋನಾದ ಮೊದಲ ಕಾದಂಬರಿಯಾಗಿ ಬಂತು. ಅದರೊಳಗಿನ ನೆಹಾಂಡಳ ಕುರಿತ ಪದ್ಯವನ್ನು ಜನ ರಾಜಕೀಯ ಸಭೆಗಳಲ್ಲಿ ಹೇಳತೊಡಗಿದ ಮೇಲೆ ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು. 1959ರಲ್ಲಿ ಪಾದ್ರಿ ಮೈಕೆಲ್ ಹ್ಯಾನನ್ ಅವರ ಶೋನಾ ನಿಘಂಟು ಬಂತು. ಗಾದೆಗಳಿಗೇ ಮೀಸಲಾದ ದೊಡ್ಡ ಸಂಗ್ರಹ 'ತ್ಸುಮೊ-ಶುಮೊ'. ಇದನ್ನು ಮೊರ್ಡಿಕಾಯ್ ಹಮುಟಿನೇಯ್ ಮತ್ತು ಸ್ವಿಸ್ ಪಾದ್ರಿ ಆಲ್ಬರ್ಟ್ ಪ್ಲಾಂಗರ್ ಸಿದ್ಧಪಡಿಸಿದರು. ಪ್ರಕಟಿಸಿದ್ದು ಗ್ವೇಲೊ ಪಟ್ಟಣದ ಮಾಂಬೊ ಪ್ರೆಸ್, ವರ್ಷ 1974. ಅದೇ ವರ್ಷ ಅದೇ ಮುದ್ರಣಾಲಯದ 'ಮೊಟೊ' ಎಂಬ ವಾರಪತ್ರಿಕೆಯನ್ನು ಬಿಳಿಯರದ್ದಾಗಿದ್ದ ಇಯಾನ್ ಸ್ಮಿತ್ ಸರ್ಕಾರ ಮುಚ್ಚಿಸಿತು. ಸುದ್ದಿ ಅಚ್ಚುಹಾಕಲು ಬಿಡದ ಸರ್ಕಾರಕ್ಕೆ ಗಾದೆಗಳಿಂದ ಅಪಾಯವಿದೆ ಅನ್ನಿಸಲಿಲ್ಲ. "ಕೊಂಬಿರುವುದನ್ನು ಬಟ್ಟೆಯಲ್ಲಿ ಸುತ್ತಿಡಲಾಗದು" ಎಂಬ ಗಾದೆಯೂ ಆ ನಾಡಿನದೇ.

ಅಪಾಯ ಇದ್ದದ್ದು ನಿಜ. ಬಿಡುಗಡೆಯ ಯುದ್ಧದ ವರ್ಷಗಳಲ್ಲಿ ಗೆರಿಲ್ಲಾಗಳು ಹಳ್ಳಿಗರನ್ನು ರಾತ್ರಿಯಿಡೀ ಕೂಡಿಸಿ ಹಾಡಿಸುತ್ತಿದ್ದ 'ಪುಂಗ್ವೆ' ಸಭೆಗಳಲ್ಲಿ ಹಳೆಯ ನುಡಿಗಟ್ಟಿಗೆ ಹೊಸ ಅರ್ಥ ಹೊಮ್ಮುತ್ತಿತ್ತು. ಪಟ್ಟಣದಲ್ಲಿ ಥಾಮಸ್ ಮಪ್‌ಫೂಮೊ ಅದೇ ನುಡಿಗಟ್ಟನ್ನು ಗಿಟಾರಿಗೆ ಹೊಂದಿಸಿ ಹಾಡಿದರು. ಕೇಳಿದವರಿಗೆಲ್ಲ ಅರ್ಥವಾಗುತ್ತಿತ್ತು, ಹಿಡಿದು ತೋರಿಸಲು ಪೊಲೀಸರಿಗೆ ಒಂದು ಪದವೂ ಸಿಗುತ್ತಿರಲಿಲ್ಲ. ಕೊನೆಗೆ 1979ರಲ್ಲಿ ಅವರನ್ನು ಬಂಧನದಲ್ಲಿಟ್ಟರು. ಸ್ವಾತಂತ್ರ್ಯ ಬಂದದ್ದು 1980ರಲ್ಲಿ. ಅಲ್ಲಿಂದ 2017ರ ನವೆಂಬರ್‌ವರೆಗೆ, 37 ವರ್ಷ, ರಾಬರ್ಟ್ ಮುಗಾಬೆ ಅಧಿಕಾರ ಬಿಡಲಿಲ್ಲ. 2000ದಲ್ಲಿ ಆಲಿವರ್ ಮ್ಟುಕುಡ್ಜಿ 'ವಸಕಾರ' ಎಂಬ ಹಾಡು ಹಾಡಿದರು. ಮುದಿತನವನ್ನು ಒಪ್ಪಿಕೋ ಎಂದು ಒಬ್ಬ ಮುದುಕನಿಗೆ ಹೇಳುವ ಹಾಡು ಅದು. ಯಾರ ಹೆಸರೂ ಇಲ್ಲದ ಆ ಹಾಡನ್ನು ಯಾರಿಗೆ ಅನ್ವಯಿಸಬೇಕೆಂದು ಇಡೀ ದೇಶಕ್ಕೆ ತಿಳಿದಿತ್ತು. ಸರದಿಯ ಗಾದೆಯನ್ನು ಶಾಲೆಯ ಪರೀಕ್ಷೆಗಳಲ್ಲಿ ಕೇಳುತ್ತಲೇ ಸರದಿಯನ್ನು ಮುರಿದ ಆಳ್ವಿಕೆ ಅದು.

ಇಷ್ಟೆಲ್ಲ ಹೇಳಿದ ಮೇಲೆ, ಗಾದೆ ಹುಟ್ಟಿದ ಕಟ್ಟೆಯಲ್ಲಿ ಯಾರು ಕೂತಿದ್ದರು ಎಂಬುದನ್ನೂ ಹೇಳಬೇಕು. ದಾರೆ ಗಂಡಸರದು. ಹೆಂಗಸರ ಪಾಠಶಾಲೆ ಅಡುಗೆಮನೆಯ ಒಲೆಯ ಸುತ್ತ ಇತ್ತು. ಅಜ್ಜಿ ಕಥೆ ಹೇಳುತ್ತಿದ್ದಳು. ಸೋದರತ್ತೆಗೆ ತವರಿನಲ್ಲಿ ದೊಡ್ಡ ಮಾತಿತ್ತು. ಆದರೂ ಗಾದೆಗಳಲ್ಲಿ ಬರುವ ಹೆಣ್ಣು ಹೆಚ್ಚಾಗಿ ಗಂಡಸಿನ ಕಣ್ಣಿಗೆ ಕಂಡವಳು. "ಚೆಲುವೆಯಾದವಳು ಮಾಟಗಾತಿಯಲ್ಲದಿದ್ದರೆ ಕಳ್ಳಿ" ಎಂಬ ಗಾದೆಯಲ್ಲಿ ವಿವೇಕವಿಲ್ಲ, ಅಂಜಿಕೆಯೂ ಹಗೆಯೂ ಇವೆ. ಅದೇ ಬಾಯಿ "ಮುಶ ಮುಕಾಡ್ಜಿ", ಅಂದರೆ ಮನೆಯೆಂದರೆ ಹೆಂಗಸು ಎಂದೂ ಹೇಳುತ್ತದೆ. ಮನೆ ನಡೆಸುವುದು ಅವಳು ಎಂದು ಒಪ್ಪಿದ ಈ ಜನ, ಮನೆ ಅವಳದೆಂದು ಬರೆದುಕೊಡಲು ಒಪ್ಪಲಿಲ್ಲ.

1993ರಲ್ಲಿ ಬಂದ 'ನೆರಿಯ' ಎಂಬ ಶೋನಾ ಬದುಕಿನ ಚಲನಚಿತ್ರ ಇದನ್ನೇ ಎತ್ತಿಕೊಂಡಿತ್ತು. ಗಂಡ ಸತ್ತೊಡನೆ ಅವನ ಸಹೋದರ ಸಂಪ್ರದಾಯದ ಹೆಸರಿನಲ್ಲಿ ಆಸ್ತಿ ಕಬಳಿಸುತ್ತಾನೆ, ವಿಧವೆ ನ್ಯಾಯಾಲಯಕ್ಕೆ ಹೋಗುತ್ತಾಳೆ. ಕಥೆ ತ್ಸಿತ್ಸಿ ದಂಗರೆಂಬ್ಗ ಅವರದು, ಹಾಡು ಮ್ಟುಕುಡ್ಜಿಯವರದು. ಚಿತ್ರದಲ್ಲಿ ಆಕೆಗೆ ನ್ಯಾಯ ಸಿಕ್ಕಿತು. ಹೊರಗಿನ ಜಗತ್ತಿನಲ್ಲಿ 1999ರ ಮಗಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ, ಸಂಪ್ರದಾಯದ ಕಾನೂನಿನಂತೆ ಹೆಣ್ಣುಮಗಳು ತಂದೆಯ ಉತ್ತರಾಧಿಕಾರಿಯಾಗಲಾರಳು ಎಂದು ತೀರ್ಪಿತ್ತು, ಹಿರಿಯ ಮಗಳನ್ನು ಬಿಟ್ಟು ಕಿರಿಯ ಮಲಸಹೋದರನಿಗೆ ಮನೆ ಕೊಟ್ಟಿತು. ಹೆಣ್ಣುಮಕ್ಕಳ ಸಂಘಟನೆಗಳು ಬೀದಿಗಿಳಿದವು. ನ್ಯಾಯಾಧೀಶರು ಸಂಪ್ರದಾಯ ಎಂದು ಕರೆದದ್ದು ಗಂಡಸರ ಕಟ್ಟೆಯಲ್ಲಿ ಉಳಿದುಬಂದ ಅರ್ಧ ಸಂಪ್ರದಾಯ ಮಾತ್ರ ಎಂಬ ಅವರ ವಾದದಲ್ಲಿ ಹುರುಳಿತ್ತು.

2013ರಲ್ಲಿ ಜಿಂಬಾಬ್ವೆ ಹೊಸ ಸಂವಿಧಾನ ಮಾಡಿಕೊಂಡಿತು. ಶೋನಾ ಸೇರಿ 16 ಭಾಷೆಗಳಿಗೆ ಅಧಿಕೃತ ಮನ್ನಣೆ ಕೊಟ್ಟದ್ದು ಅದೇ. ಒಡೆಯರ ಸ್ಥಾನಮಾನವನ್ನು ಉಳಿಸಿದ್ದೂ ಅದೇ, ಅವರ ದಾರೆಗಳಲ್ಲಿ ಗಾದೆಗಳು ಇಂದಿಗೂ ವ್ಯಾಜ್ಯ ತೀರಿಸುತ್ತವೆ. ಅದರ 80ನೇ ವಿಧಿ, ಹೆಂಗಸರ ಹಕ್ಕಿಗೆ ಭಂಗ ತರುವ ಯಾವ ಕಾನೂನು, ಕಟ್ಟಳೆ, ರೂಢಿಯೂ ಆ ಮಟ್ಟಿಗೆ ಅಸಿಂಧು ಎನ್ನುತ್ತದೆ. ಒಡೆಯರ ದಾರೆಗಳೂ ಆ ವಿಧಿಗೆ ಒಳಪಟ್ಟಿವೆ.